ಪ್ಯೋ ಮಾಲ್‌ಸುನ್ ಒತ್ತಿದ ನಾಲ್ಕನೇ ಸುರುಳಿ

ಕೊರಿಯಾದ ಚೊಂಗ್‌ಜು ನಗರದ ನಮ್ಮ ಬ್ಯಾಟರಿ ಪ್ರಯೋಗಾಲಯದಲ್ಲಿ ಪ್ಯೋ ಮಾಲ್‌ಸುನ್ ಅಕ್ಕನ ಬಾಯಿಗೆ ಹೆದರದವರಿಲ್ಲ. ತಾಮ್ರದ ಹಾಳೆಯ ಸುರುಳಿಗೆ ಸಿಲಿಕಾನ್ ಪುಡಿಯ ಹಿಟ್ಟು ಬಳಿದು, ರೋಲರ್ ನಡುವೆ ಕೊಟ್ಟು ಒತ್ತುವುದು ಅವಳ ಕೆಲಸ. ಪುಡಿ ತಂದುಕೊಡುವವನು ನಾನು. ಆ ಚಳಿಗಾಲಕ್ಕೆ ಅವಳಿಗೆ ಅರವತ್ತು ತುಂಬುತ್ತಿತ್ತು. ಗುತ್ತಿಗೆ ಮುಗಿದರೆ ಮನೆಗೆ. ಮನೆಯಲ್ಲಿ ಗಂಡ, ದಿನವಿಡೀ ಟಿವಿ ಎದುರು.

"ಹಗಲೆಲ್ಲಾ ಅವನ ಮುಖ ನೋಡ್ಕೊಂಡು ಕೂರೋದಾ? ಅದಕ್ಕಿಂತ ಈ ರೋಲರೊಳಗೇ ಕೈ ಇಡ್ತೀನಿ" ಎನ್ನುತ್ತಿದ್ದಳು.

ನಮ್ಮ ಮುಖ್ಯಸ್ಥ ಡಾಕ್ಟರ್ ದೋ ಸಂಗ್‌ವಾನ್‌ಗೆ ಹತ್ತು ನಿಮಿಷದಲ್ಲಿ ಚಾರ್ಜ್ ಆಗುವ ಕಾರಿನ ಬ್ಯಾಟರಿ ಬೇಕು. ಸಿಲಿಕಾನ್ ಬಲು ಹೊಟ್ಟೆಬಾಕ. ಚಾರ್ಜ್ ಆಗುವಾಗ ಮೂರು ಪಟ್ಟು ಊದುತ್ತದೆ, ಇಳಿಯುವಾಗ ಬಿರುಕು ಬಿಡುತ್ತದೆ. ಡಾಕ್ಟರದು ಒಂದೇ ಮಂತ್ರ: "ಇನ್ನೂ ಗಟ್ಟಿಯಾಗಿ ಒತ್ತಿ." ಐವತ್ತು ಸಲ ಚಾರ್ಜ್ ಆಗುವುದರೊಳಗೆ ಬ್ಯಾಟರಿ ಗೊಟಕ್.

"ಕಿಮ್ಚಿ ಹುಳಿ ಬರ್ಸೋ ಜಾಡೀನ ಯಾರಾದ್ರೂ ಕಂಠದವರೆಗೆ ತುಂಬ್ತಾರಾ? ಉಬ್ಬೋಕೆ ಜಾಗ ಬೇಡ್ವಾ?" ಎಂದು ಅಕ್ಕ ನಮ್ಮೆದುರು ಗೊಣಗುತ್ತಿದ್ದಳು. ಡಾಕ್ಟರ್ ಎದುರು ಮಾತ್ರ, "ಆಗಲಿ ಸಾರ್." ನಮ್ಮಲ್ಲಿ ಮೇಲಿನವರಿಗೆ ಎಲ್ಲರೂ ಹೇಳುವುದು ಅಷ್ಟೇ; ಕಟ್ಟಡಕ್ಕೆ ಬೆಂಕಿ ಬಿದ್ದರೂ ಆಗಲಿ ಸಾರ್. ಹಾಗೆ ಹೇಳಿ ಬಂದವಳೇ ನಾಲ್ಕನೇ ಸುರುಳಿಯನ್ನು ಸಡಿಲವಾಗಿ ಒತ್ತಿಬಿಟ್ಟಳು.

ಆ ಸುರುಳಿಯ ಬ್ಯಾಟರಿ ಮುನ್ನೂರು ಚಾರ್ಜ್ ದಾಟಿತು. ಕಾರು ಕಂಪನಿಯವರು ಓಡಿ ಬಂದರು. ಸಭೆಯಲ್ಲಿ ಡಾಕ್ಟರ್ ಎದೆಯುಬ್ಬಿಸಿ, "ಸಡಿಲ ಬಿಡೋಕೆ ನಾನೇ ಹೇಳಿದ್ದೆ" ಅಂದ.

ಮಾದರಿಯ ತಟ್ಟೆ ಹಿಡಿದು ನಿಂತಿದ್ದ ಅಕ್ಕ ತಡೆಯಲಾರದೆ ಕೇಳಿದಳು: "ಯಾವಾಗ ಹೇಳಿದ್ರಿ ಸಾರ್?"

ಆದೇಶ ಮೀರಿದ್ದನ್ನು ತಾನೇ ಒಪ್ಪಿಕೊಂಡಂತಾಯಿತಲ್ಲ; ಕೆಲಸ ಅಲ್ಲಿಗೆ ಹೋದಂತೆಯೇ. ಆದರೆ ಕಂಪನಿಯ ಹಿರಿಯ ಅವಳತ್ತ ತಿರುಗಿದ. "ಹಾಗಾದ್ರೆ ಎಷ್ಟು ಒತ್ತಿದ್ರಿ ಅಮ್ಮಾ?"

"ಅಂಗೈಗೆ ಗೊತ್ತು. ಚಕ್ರ ತಿರುಗಿಸ್ತೀನಿ, ಸಾಕು ಅನ್ಸತ್ತೆ, ನಿಲ್ಲಿಸ್ತೀನಿ."

ಡಾಕ್ಟರ್ ಮುಖ ಹುಳ್ಳಗಾಯಿತು. ಆ ಒತ್ತುವಿಕೆಯ ಸರಿಯಾದ ಅಂಕಿ ಸಿಗುವವರೆಗೆ ಅಕ್ಕನನ್ನು ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. ಅಂಕಿ ಸಿಕ್ಕ ದಿನ ಅವಳು ಮನೆಗೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಕ್ಕ ಮಾತ್ರ ತಲೆಬಾಗಿ, "ಆಗಲಿ ಸಾರ್" ಅಂದಳು.

ಅಂದಿನಿಂದ ಡಾಕ್ಟರ್ ಪುಸ್ತಕ ಹಿಡಿದು ಅವಳ ಪಕ್ಕ ನಿಲ್ಲುತ್ತಾನೆ. "ನಿನ್ನೆ ಇಷ್ಟಿರಲಿಲ್ವಲ್ಲಮ್ಮಾ?"

"ಇವತ್ತು ಪುಡಿ ಬೇರೆ ಥರ ಇದೆ ಸಾರ್. ಬರ್ಕೊಳ್ಳಿ."

ಅವನು ಬರೆದುಕೊಳ್ಳುತ್ತಾನೆ. ನಿನ್ನೆಯದೂ ಇವತ್ತಿನದೂ ಒಂದೇ ಚೀಲದ ಪುಡಿ. ಮೂರು ವರ್ಷವಾಯಿತು, ನಾನಂತೂ ಬಾಯಿ ಬಿಟ್ಟಿಲ್ಲ.