ಅವಳ ಬದಲು ನಾನು ಹೇಳಿದ ಉತ್ತರಗಳು

ಒಂದೇ ವರ್ಷದಲ್ಲಿ ಹೆಂಡತಿಗೆ ನಾಲ್ಕು ಸಲ ಉರಿಮೂತ್ರ ಬಂದಿತ್ತು. ಅದಕ್ಕೊಬ್ಬ ಡಾಕ್ಟರು, ತಲೆನೋವಿಗೆ ಇನ್ನೊಬ್ಬರು, ಮಲಬದ್ಧತೆಗೆ ಮತ್ತೊಬ್ಬರು. ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ನೋಡಿದವರಲ್ಲ. ಈ ಸಲ ರಕ್ತಪರೀಕ್ಷೆಯಲ್ಲಿ ಕಿಡ್ನಿಗೂ ಪೆಟ್ಟು ಬೀಳುತ್ತಿದೆ ಎಂದು ಗೊತ್ತಾಯಿತು. ಇಟ್ಟಮಡುವಿನಿಂದ ಜಯನಗರದ ಹೊಸ ಡಾಕ್ಟರಮ್ಮನ ಹತ್ತಿರ ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಡ್ರೈವರ್ ಮೇಲೆ ರೇಗಿದೆ. ನಿಜ ಹೇಳಬೇಕೆಂದರೆ, ಜೀವ ಬಾಯಿಗೆ ಬಂದಿತ್ತು.

ಆ ಡಾಕ್ಟರಮ್ಮ ಕಾಯಿಲೆಗಳನ್ನು ಬಿಡಿಬಿಡಿಯಾಗಿ ನೋಡುವವರಲ್ಲ, ಇಡೀ ಮೈಯನ್ನೂ ದಿನಚರಿಯನ್ನೂ ಒಟ್ಟಿಗೆ ನೋಡುತ್ತಾರೆ ಎಂದು ಪಕ್ಕದ ಮನೆಯವರು ಹೇಳಿದ್ದರು. ಎಷ್ಟು ಹೊತ್ತಿಗೆ ಏಳುತ್ತೀರಿ, ಏನು ತಿನ್ನುತ್ತೀರಿ, ನಿದ್ದೆ ಹೇಗೆ ಎಂದು ಅವರು ಕೇಳುತ್ತಾ ಹೋದರು. ಕೇಳಿದ್ದು ಅವಳನ್ನು, ಹೇಳಿದ್ದೆಲ್ಲ ನಾನು. ಮದುವೆಯಾದಾಗಿನಿಂದ ಯಾವ ಡಾಕ್ಟರ ಮುಂದೆಯೂ ಹಾಗೆಯೇ. ಅವಳಿಗೆ ಸರಿಯಾಗಿ ಹೇಳಲು ಬರುವುದಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ನೀರು ಎಷ್ಟು ಕುಡಿಯುತ್ತೀರಿ ಎಂದಾಗ ನನಗೆ ಹೆಮ್ಮೆಯೇ ಆಯಿತು. ದಿನಾ ಬೆಳಿಗ್ಗೆ ದೊಡ್ಡ ಸ್ಟೀಲ್ ಬಾಟಲಿ ನಾನೇ ತುಂಬಿಸಿ ಕೊಡುತ್ತೇನೆ, ಸಂಜೆ ಖಾಲಿಯಾಗಿ ಬರುತ್ತದೆ ಎಂದೆ. ರಿಪೋರ್ಟು ಹಾಗೆ ಹೇಳುತ್ತಿಲ್ಲವಲ್ಲ ಎಂದು ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಸಾರ್, ಇದನ್ನ ಅವರೇ ಹೇಳ್ಲಿ."

ನಾನು ಇನ್ನೇನು ಬಾಯಿ ಹಾಕಬೇಕು, ಅಷ್ಟರಲ್ಲಿ ಅವಳೇ ಹೇಳಿದಳು.

"ಕುಡಿಯಲ್ಲ ಮೇಡಂ. ನಾನು ಕೆಲಸ ಮಾಡೋ ಸೀರೆ ಅಂಗಡೀಲಿ ಟಾಯ್ಲೆಟ್ ಇಲ್ಲ. ನೀರೆಲ್ಲ ಮುಂದಿರೋ ಗಿಡಕ್ಕೆ ಸುರೀತೀನಿ."

ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ನನಗೇಕೆ ಹೇಳಲಿಲ್ಲ ಎಂದು ಅಲ್ಲೇ ದನಿ ಏರಿಸಿದೆ. ಅವಳು ನನ್ನತ್ತ ತಿರುಗಲೂ ಇಲ್ಲ.

"ತುಂಬಿದ ಬಾಟಲಿ ವಾಪಸ್ ತಂದ್ರೆ ಇವ್ರು ಕೂಗಾಡ್ತಾರೆ ಮೇಡಂ. ಆ ಕೂಗಾಟಕ್ಕಿಂತ ಉರೀನೇ ವಾಸಿ."

ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಅವಳ ಪಾಡು ಅದಾಗಿತ್ತು. ಪುಲಿ ನಾನೇ. ನನಗೆ ನಾಚಿಕೆಯಾಯಿತು, ಆದರೂ ಸಿಟ್ಟು ಇಳಿದಿರಲಿಲ್ಲ.

ಇನ್ನೂ ಕೇಳುವುದಿದೆ, ನೀವು ಹೊರಗೆ ಕೂತಿರಿ ಎಂದರು ಡಾಕ್ಟರಮ್ಮ. ಹೊರಗಿನ ಬೆಂಚಿನ ಮೇಲೆ ಕೂತೆ. ಮುಚ್ಚಿದ ಬಾಗಿಲಿನಾಚೆ ಅವಳ ದನಿ ಎಡೆಬಿಡದೆ ಕೇಳುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಅವಳು ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಅಂಗಡಿ ಕೆಲಸ ಬಿಡಿಸಿದೆವು. ನೀರು ಕುಡಿಯತೊಡಗಿದ ಮೇಲೆ ಉರಿ, ತಲೆನೋವು, ಮಲಬದ್ಧತೆ ಎಲ್ಲ ಹೋಯಿತು, ಕಿಡ್ನಿಯೂ ಸುಧಾರಿಸಿತು. ಆ ದಿನ ಒಳಗೆ ಇನ್ನೂ ಏನೇನು ಹೇಳಿದೆ ಎಂದು ಅವಳನ್ನು ಕೇಳುವ ಧೈರ್ಯ ಮಾತ್ರ ನನಗೆ ಇವತ್ತಿಗೂ ಬಂದಿಲ್ಲ.