ದೊಡ್ಡಗಂಗಮ್ಮನ ಮಾತ್ರೆಯಿಲ್ಲದ ವಾರ

ಒಂದಾನೊಂದು ಕತ್ತಲ ಅರಮನೆಯಲ್ಲಿ ಸಾವಿರಾರು ರಾಣಿಯರು ಮಲಗಿದ್ದರಂತೆ. ಒಬ್ಬೊಬ್ಬರಿಗೂ ನೂಲಿನದೇ ಕೋಣೆ, ಕೋಣೆಗೆ ಬಾಗಿಲಿಲ್ಲ. ದೀಪ ಹಚ್ಚಿದ್ದೇ ತಡ, ಗೋಡೆಯನ್ನು ಎಂಜಲಲ್ಲಿ ನೆನೆಸಿ ತೂತು ಮಾಡಿಕೊಂಡು ಹೊರಗೆ ಬರುವರು. ಮೈತುಂಬ ಬಿಳೀ ಹಿಟ್ಟು. ರೆಕ್ಕೆ ಉಂಟು, ಹಾರಲು ಬಾರದು. ಬಾಯಿ ಉಂಟು, ಉಣ್ಣಲು ಬಾರದು. ಮೊಟ್ಟೆಯಿಟ್ಟು ಸಾಯುವುದಷ್ಟೇ ಅವರ ಪಾಲಿಗೆ ಬಂದದ್ದು. ಅವರನ್ನು ಎತ್ತಿ ಮಲಗಿಸಲು ಒಬ್ಬ ದಾಸಿ ಇದ್ದಳು. ರಾಣಿಯರ ಮೈಯ ಹಿಟ್ಟು ಉದುರಿ ಉದುರಿ ಆ ದಾಸಿಯ ಎದೆಯೊಳಗೆ ಇಳಿಯಿತು.

ಕಥೆಯಾಗಿದ್ದರೆ ಯಾವನೋ ಒಬ್ಬ ರಾಜಕುಮಾರ ಮದ್ದಿನ ಬೇರು ತರಲು ಬೆಟ್ಟ ಹತ್ತುತ್ತಿದ್ದ. ಆದರೆ ಈ ಅರಮನೆ ಇರುವುದು ಶ್ರೀನಿವಾಸಪುರದ ಹೊರಗೆ, ಮಾವಿನ ತೋಪು ಮುಗಿಯುವಲ್ಲಿ, ಶೀಟು ಹೊದಿಸಿದ ಒಂದು ಉದ್ದನೆಯ ಕಟ್ಟಡದಲ್ಲಿ. ರೇಷ್ಮೆ ಬೆಳೆಗಾರರಿಗೆ ಮೊಟ್ಟೆ ತಯಾರಿಸಿ ಕೊಡುವ ಖಾಸಗಿ ಗ್ರೇನೇಜು ಅದು. ಊರವರ ಬಾಯಲ್ಲಿ ಚಿಟ್ಟೆಮನೆ. ದಾಸಿಯ ಹೆಸರು ದೊಡ್ಡಗಂಗಮ್ಮ.

ಬೆಳಗಿನ ಜಾವ. ಮೇಸ್ತ್ರಿ ಸ್ವಿಚ್ಚು ಒತ್ತುತ್ತಾನೆ. ಉದ್ದಕ್ಕೂ ಜೋಡಿಸಿದ ಬಿದಿರು ತಟ್ಟೆಗಳ ಮೇಲೆ ಬೆಳಕು ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಗೂಡುಗಳು ಅಲ್ಲಾಡತೊಡಗುತ್ತವೆ. ಒದ್ದೆ ಚಿಟ್ಟೆಗಳು ಹೊರಬಂದು ರೆಕ್ಕೆ ಒಣಗಿಸಿಕೊಳ್ಳುತ್ತವೆ. ಗಂಡುಗಳಿಗೆ ನಿಂತಲ್ಲಿ ನಿಲ್ಲಲಾಗದು. ಪಟಪಟ ರೆಕ್ಕೆ ಬಡಿಯುತ್ತ ತಟ್ಟೆಯ ತುಂಬ ಸುತ್ತುತ್ತವೆ. ಅವು ಬಡಿದಷ್ಟೂ ಬಲ್ಬಿನ ಕೆಳಗೆ ಮಂಜಿನಂಥದೊಂದು ಏಳುತ್ತದೆ. ನೋಡಲು ಎಷ್ಟು ಚೆಂದ ಅನ್ನಿಸುತ್ತದೆ, ಮೂಗಿಗೆ ತಾಗುವವರೆಗೆ.

ದೊಡ್ಡಗಂಗಮ್ಮ ಮೂಗಿಗೆ ಹಳೇ ಪಂಚೆಯ ತುಂಡು ಕಟ್ಟಿಕೊಂಡು ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಹೊಟ್ಟೆ ದಪ್ಪಗಿರುವ ಹೆಣ್ಣು ಒಂದು ಕಡೆ, ಸಣಕಲು ಗಂಡು ಇನ್ನೊಂದು ಕಡೆ. ಆಮೇಲೆ ಎರಡನ್ನೂ ಜೋಡಿ ಕೂಡಿಸಬೇಕು. ಮಧ್ಯಾಹ್ನದ ಹೊತ್ತಿಗೆ ಜೋಡಿ ಬಿಡಿಸಿ, ಹೆಣ್ಣನ್ನು ಕಾಗದದ ಮೇಲಿಟ್ಟು ಮುಚ್ಚಳ ಹಾಕಬೇಕು. ಸುಗ್ಗಿಯಲ್ಲಿ ದಿನಕ್ಕೆ ಮೂರು ಸಾವಿರ ಚಿಟ್ಟೆ ಅವರ ಬೆರಳಲ್ಲಿ ಹಾದುಹೋಗುತ್ತವೆ. ಒಂದರ ರೆಕ್ಕೆಯೂ ಮುರಿಯುವುದಿಲ್ಲ.

ಹೀಗೆ ಹದಿನೆಂಟು ವರ್ಷ. ಇವತ್ತು ಅವರ ಕಣ್ಣು ಊದಿ ಗೆರೆಯಷ್ಟೇ ಉಳಿದಿದೆ. ಒಂದೇ ಸಮ ಸೀನು. ಸೀನು ನಿಂತರೆ ಎದೆಯೊಳಗೆ ಸುಯ್ ಸುಯ್.

"ಏನೇ ಗಂಗೀ, ಪೀಪಿ ಊದಕ್ಕೆ ಶುರು ಮಾಡ್ಬಿಟ್ಟೆ? ಯಾರ್ ಶಾದಿಗೆ ಹೋಗ್ತಿದೀಯ?" ಪಕ್ಕದ ತಟ್ಟೆಯಿಂದ ಹಜೀರಾ ಕೂಗುತ್ತಾರೆ. ಹತ್ತು ವರ್ಷದಿಂದ ಅಕ್ಕಪಕ್ಕ ಕೂತು ದುಡಿದವರು ಇವರಿಬ್ಬರು.

"ನಿನ್ ಗಂಡಂಗೆ ಎರಡ್ನೇ ಮದುವೆ ಕಣೇ, ಓಲಗಕ್ಕೆ ನನ್ನೇ ಕರ್ದವ್ರೆ," ಎನ್ನುತ್ತಾರೆ ದೊಡ್ಡಗಂಗಮ್ಮ. ಅಷ್ಟು ಹೇಳಲು ಅವರಿಗೆ ಮೂರು ಸಲ ಉಸಿರು ಬೇಕಾಗುತ್ತದೆ.

ಅವರು ಮಾತ್ರೆ ನುಂಗದೆ ಇದು ಐದನೆಯ ದಿನ. ಏಳು ದಿನ ನುಂಗುವುದಿಲ್ಲ ಎಂದು ಡಾಕ್ಟರಿಗೆ ಮಾತು ಕೊಟ್ಟಿದ್ದಾರೆ. ಯಾಕೆ ಕೊಟ್ಟರು ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗಂಡ ಸೊಣ್ಣಪ್ಪ ಹುಣಿಸೆ ಬಡಿಯಲು ಮರ ಹತ್ತಿ ಕೊಂಬೆ ಸಮೇತ ಬಿದ್ದು ಸೊಂಟ ಮುರಿದುಕೊಂಡರು. ಅಂದಿನಿಂದ ಅವರು ಗೋಡೆಗೊರಗಿಯೇ ಇದ್ದಾರೆ. ಆಗ ಮಗಳು ಶಾಮಲ ಮೂರು ವರ್ಷದ ಕೂಸು. ದೊಡ್ಡಗಂಗಮ್ಮ ಚಿಟ್ಟೆಮನೆ ಸೇರಿದರು. ಮೊದಲ ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ನೆಗಡಿ ಬಂತು. ಬಂದದ್ದು ಹೋಗಲಿಲ್ಲ. ಅದರ ಹಿಂದೆ ಕೆಮ್ಮು, ಕೆಮ್ಮಿನ ಹಿಂದೆ ಉಬ್ಬಸ. ಎಲ್ಲೋ ಒಂದು ಕಡೆ ತೋರಿಸಿದಾಗ "ಟೀಬಿ ಇರಬಹುದು" ಎಂದು ತಿಂಗಳುಗಟ್ಟಲೆ ಸೂಜಿ ಚುಚ್ಚಿದರು. ಕಫದಲ್ಲಿ ಏನೂ ಸಿಕ್ಕಿರಲಿಲ್ಲ. ಆದರೆ ಸೂಜಿ ಚುಚ್ಚಿಸಿಕೊಂಡದ್ದನ್ನು ಊರು ನೋಡಿತ್ತು.

"ಇರಬಹುದು ಅಂದಿದ್ದು ಅವ್ರು. ಊರ್ನೋರು ಐತೆ ಅಂದ್ಬಿಟ್ರು," ಎನ್ನುತ್ತಾರೆ ದೊಡ್ಡಗಂಗಮ್ಮ. "ಮೊದ್ಲು ಲೋಟ ಬೇರೆ ಆಯ್ತು. ಆಮೇಲೆ ಚಾಪೆ. ಹೋಗ್ಲಿ ಅಂದ್ಕೊಂಡೆ. ನಾನೇನು ಗೌಡ್ರ ಮನೆ ಪಂಕ್ತೀಲಿ ಊಟಕ್ಕೆ ಕೂರ್ಬೇಕಾ?"

ಹೋಗಲಿ ಎನ್ನಲಾಗದ್ದು ಈ ವರ್ಷ ನಡೆಯಿತು. ಶಾಮಲಳನ್ನು ಕೊಟ್ಟಿರುವುದು ಮುಳಬಾಗಿಲು ತಾಲ್ಲೂಕಿನ ಬೈರಕೂರಿಗೆ. ಚೊಚ್ಚಲ ಬಸಿರು. ಹೆರಿಗೆ ತವರಲ್ಲಿ ಆಗಬೇಕು, ಬಾಣಂತನ ತಾಯಿ ಮಾಡಬೇಕು. ದೊಡ್ಡಗಂಗಮ್ಮ ಬೆಲ್ಲ, ಒಣಕೊಬ್ಬರಿ, ಹಳೇ ಸೀರೆಯ ಮೆತ್ತನೆ ತುಂಡು ಎಲ್ಲ ಕೂಡಿಟ್ಟಿದ್ದರು. ಬೀಗಿತ್ತಿ ದೊಡ್ಡಮುನಿಯಮ್ಮ ಸೊಸೆಯನ್ನು ಕಳಿಸಲಿಲ್ಲ. ಹೆಣ್ಣು ಮಗು ಹುಟ್ಟಿತು. ನೋಡಲು ಹೋದ ಅಜ್ಜಿಯನ್ನು ಅಂಗಳದ ಕಲ್ಲಿನ ಮೇಲೆ ಕೂರಿಸಿ, ಮಗುವನ್ನು ಹೊಸಿಲ ಒಳಗಿನಿಂದಲೇ ಎತ್ತಿ ತೋರಿಸಿದರು.

ದೊಡ್ಡಮುನಿಯಮ್ಮ ಕೆಟ್ಟವರೇನಲ್ಲ. ಅವರ ಇಬ್ಬರು ಮೈದುನರು ಟೀಬಿಯಲ್ಲೇ ಹೋದವರು. "ನಂಗೂ ಕರುಳೈತಮ್ಮ," ಎನ್ನುತ್ತಾರೆ ಅವರು. "ಡಾಕ್ಟ್ರು ನನ್ ಕಣ್ಮುಂದೆ ಟೀಬಿ ಅಲ್ಲ ಅನ್ಲಿ. ನಾನೇ ಮಗೂನ ತಂದು ಆಯಮ್ಮನ ಮಡಿಲಿಗೆ ಹಾಕ್ತೀನಿ. ಅಲ್ಲೀವರ್ಗೂ ಕೊಡಲ್ಲ. ಪಾಪಂ ಅಂತ ಕೊಟ್ಬಿಟ್ಟು ಆಮೇಲೆ ಅಳೋಕಾಗ್ತದಾ?"

ಹಾಗೆ ಹೇಳಬಲ್ಲ ಡಾಕ್ಟರು ಒಬ್ಬರು ಆ ಹೊತ್ತಿಗೇ ಬಂದರು. ಹೆಸರು ಅಜ್ಮತುಲ್ಲಾ, ಕೋಲಾರದವರೇ, ಬೆಂಗಳೂರಿನಲ್ಲಿ ಅಲರ್ಜಿಯ ಮೇಲೆ ಸಂಶೋಧನೆ ಮಾಡುತ್ತಿರುವವರು. ಚಿಟ್ಟೆಯ ರೆಕ್ಕೆಯಿಂದ ಉದುರುವ ಧೂಳು ಕೆಲವರ ಮೈಗೆ ಒಗ್ಗುವುದಿಲ್ಲ, ಟೀಬಿ ಎಂದುಕೊಂಡದ್ದು ಎಷ್ಟೋ ಸಲ ಅದೇ ಇರುತ್ತದೆ ಎನ್ನುವುದು ಅವರ ಅನುಮಾನ. ಪರೀಕ್ಷೆ ಸುಲಭ. ಚಿಟ್ಟೆ ಧೂಳನ್ನು ಸೋಸಿ ಮಾಡಿದ ದ್ರಾವಣದ ಒಂದು ಹನಿ ಮುಂಗೈ ಮೇಲೆ, ಹನಿಯ ನಡುವೆ ಸೂಜಿಮೊನೆಯ ಒಂದು ಚುಚ್ಚು. ಪಕ್ಕದಲ್ಲಿ ಬರೀ ಉಪ್ಪುನೀರಿನ ಹನಿ, ಅದು ಏಳಬಾರದು. ಇನ್ನೊಂದು ಮದ್ದಿನ ಹನಿ, ಅದು ಯಾರ ಕೈಯಲ್ಲಾದರೂ ಏಳಲೇಬೇಕು. ಧೂಳಿನ ಹನಿ ಕೂಡ ಕಾಲು ಗಂಟೆಯಲ್ಲಿ ದದ್ದಾಗಿ ಎದ್ದರೆ ಧೂಳು ಮೈಗೆ ವೈರಿ ಎಂದು ಲೆಕ್ಕ.

ಚಿಟ್ಟೆಮನೆಯ ಹೆಂಗಸರೆಲ್ಲ ಕೈ ಚಾಚಿದರು. ಒಬ್ಬರಿಗೂ ದದ್ದು ಏಳಲಿಲ್ಲ.

ಯಜಮಾನ ವೆಂಕಟರಾಯಪ್ಪನವರಿಗೆ ಅಷ್ಟು ಸಾಕಾಯಿತು. "ನೋಡಿದ್ರಾ? ಧೂಳಲ್ಲ, ಗೀಳಲ್ಲ. ಇನ್ಮೇಲೆ ಕೆಮ್ಮು ಅಂತ ರಜಾ ಕೇಳ್ದೋರು ಹಂಗೇ ಮನೇಲಿರ್ಲಿ," ಎಂದರು. ಸುದ್ದಿ ಬೈರಕೂರಿಗೂ ಮುಟ್ಟಿತು. ಧೂಳಲ್ಲ ಅಂದ ಮೇಲೆ ಟೀಬಿಯೇ ತಾನೇ? ಮುಂದಿನ ಸಲ ದೊಡ್ಡಗಂಗಮ್ಮ ಹೋದಾಗ ಮಗುವನ್ನು ಹೊಸಿಲವರೆಗೂ ತರಲಿಲ್ಲ. ಒಳಗಿನಿಂದ ಅಳು ಮಾತ್ರ ಕೇಳಿಸಿತು.

ಡಾಕ್ಟರಿಗೆ ಮಾತ್ರ ಒಂದು ವಿಷಯ ಕೊರೆಯುತ್ತಿತ್ತು. ಏಳಲೇಬೇಕಾದ ಹನಿಯೂ ಯಾರ ಕೈಯಲ್ಲೂ ಎದ್ದಿರಲಿಲ್ಲ. ಮದ್ದು ಕೆಟ್ಟಿದೆಯೇನೋ ಎಂದು ತಮ್ಮ ಕೈಗೇ ಚುಚ್ಚಿಕೊಂಡರು. ಅವರಿಗೆ ಗೋಲಿಯಷ್ಟು ಊದಿತು. ಮತ್ತೆ ಚಿಟ್ಟೆಮನೆಗೆ ಬಂದರು. ಅವತ್ತು ಟೀ ಹೊತ್ತಿನಲ್ಲಿ ಆದದ್ದನ್ನು ಹಜೀರಾ ಈಗಲೂ ಅಭಿನಯಿಸಿ ತೋರಿಸುತ್ತಾರೆ:

"ನಾನು ಸೆರಗಿನ ಗಂಟು ಬಿಚ್ಚಿ ಎಲ್ಲರ್ಗೂ ಒಂದೊಂದು ಕೊಡ್ತಾ ಇದೀನಿ. ಡಾಕ್ಟರ್ ಸಾಬ್ ಹಿಂದೆ ನಿಂತವ್ರೆ. 'ಏನಮ್ಮಾ ಅದು ಹಂಚ್ತಿರೋದು?' ಅಂದ್ರು. ಗಂಗಿ ಇದಾಳಲ್ಲ, 'ಪ್ರಸಾದ ಸಾರ್, ಬಾಬಯ್ಯನ ಪ್ರಸಾದ' ಅಂದ್ಬಿಟ್ಲು. ಅವ್ರೂ ಕೈ ನೀಡೇ ಬಿಟ್ರು! ನಾನೇನು ಮಾಡ್ಲಿ, ಕೊಟ್ಟೆ. ನೋಡಿ ತಲೆ ಮೇಲೆ ಕೈ ಹೊತ್ಕೊಂಡು ಕೂತ್ಬಿಟ್ರು."

ಬೀಡಿ ಅಂಗಡಿಯಲ್ಲಿ ಸಿಗುವ ನೆಗಡಿ ಮಾತ್ರೆ ಅದು. ದಿನಾ ಕೆಲಸಕ್ಕೆ ಮುಂಚೆ ಒಂದು, ಟೀ ಜೊತೆ ಒಂದು. ಅದಿಲ್ಲದಿದ್ದರೆ ತಟ್ಟೆ ಮುಂದೆ ಕೂರಲಾಗದು. ಮೈಯಲ್ಲಿ ಆ ಮಾತ್ರೆ ಇರುವವರೆಗೆ ಯಾವ ಹನಿಯೂ ಏಳುವುದಿಲ್ಲ. ಮೊದಲ ದಿನವೇ ಡಾಕ್ಟರು "ಏನಾದರೂ ಔಷಧಿ ತಗೊಳ್ತೀರಾ" ಎಂದು ಕೇಳಿದ್ದರು. ವೆಂಕಟರಾಯಪ್ಪ ಪಕ್ಕದಲ್ಲೇ ನಿಂತಿದ್ದರು. ಕಾಯಿಲೆಯವರು ಎಂದು ಗೊತ್ತಾದರೆ ಕೆಲಸ ಹೋಗುತ್ತದೆ. ಎಲ್ಲರೂ ಇಲ್ಲ ಎಂದು ತಲೆಯಾಡಿಸಿದ್ದರು. ಮೊಮ್ಮಗುವಿಗಾಗಿ ಪರೀಕ್ಷೆಗೆ ಬಂದ ದೊಡ್ಡಗಂಗಮ್ಮನೂ ಹಾಗೇ ತಲೆಯಾಡಿಸಿದ್ದರು, ಮಾತ್ರೆಗೂ ದದ್ದಿಗೂ ನಂಟಿದೆಯೆಂದು ಯಾರಿಗೆ ಗೊತ್ತಿತ್ತು?

ಇನ್ನೊಂದು ಸಲ ಪರೀಕ್ಷೆ ಮಾಡಬೇಕಾದರೆ ಏಳು ದಿನ ಆ ಮಾತ್ರೆ ಮುಟ್ಟುವಂತಿಲ್ಲ. ಅಷ್ಟು ದಿನ ಚಿಟ್ಟೆಮನೆಯಿಂದಲೂ ದೂರ ಇರಿ ಎಂದರು ಡಾಕ್ಟರು. ಅದಾಗಲಿಲ್ಲ. ಮೊಟ್ಟೆಗೆ ಬೇಡಿಕೆಯ ಕಾಲ, ಈಗ ಹೋದವರು ಮತ್ತೆ ಬರಬೇಕಾಗಿಲ್ಲ ಎಂದು ಯಜಮಾನರು ಹೇಳಿಯಾಗಿತ್ತು. ಡಾಕ್ಟರು ಉಸಿರಿಗೆ ಬೇರೊಂದು ಮಾತ್ರೆ ಕೊಟ್ಟರು, ಅದು ಪರೀಕ್ಷೆಗೆ ಅಡ್ಡ ಬರುವುದಿಲ್ಲವಂತೆ. ಹೊಟ್ಟೆಯನ್ನು ಮಾತ್ರ ತೊಳಸುತ್ತದೆ. "ತೀರಾ ಉಸಿರು ಕಟ್ಟಿದ್ರೆ ಹಳೇ ಮಾತ್ರೆ ನುಂಗಿ ನನ್ನ ಹತ್ರ ಓಡಿ ಬನ್ನಿ. ಪರೀಕ್ಷೆ ಹಾಳಾದ್ರೆ ಹಾಳಾಗ್ಲಿ," ಎಂದೂ ಹೇಳಿದರು.

ಹೂಂ ಅಂದವರು ಆರು ಜನ. ಮೂರನೆಯ ದಿನಕ್ಕೆ ಇಬ್ಬರು ಉಳಿದರು. ನಾಲ್ಕನೆಯ ದಿನ ಹಜೀರಾ ಕೂಡ ಸೋತರು. "ಬಚ್ಚಾಗಳಿಗೆ ರೊಟ್ಟಿ ತಟ್ಟೋಕೆ ಕಣ್ಣು ಕಾಣ್ಬೇಕಲ್ಲಮ್ಮಾ," ಎನ್ನುವಾಗ ಅವರ ದನಿಯಲ್ಲಿ ತಮಾಷೆಯಿಲ್ಲ.

ಐದನೆಯ ದಿನದ ಈ ಬೆಳಿಗ್ಗೆ, ಟೀ ಬಂದಾಗ, ಹಜೀರಾ ಒಂದು ಮಾತ್ರೆಯನ್ನು ಗೆಳತಿಯ ಅಂಗೈಗೆ ಒತ್ತುತ್ತಾರೆ. "ನುಂಗೇ. ಸಾಯ್ತೀಯ. ಡಾಕ್ಟರ್‌ಗೆ ಯಾರು ಹೇಳ್ತಾರೆ?"

"ಯಾರೂ ಹೇಳ್ಬೇಕಾಗಿಲ್ಲ ಕಣೇ. ನನ್ ಕೈಯೇ ಹೇಳ್ಬಿಡ್ತದೆ."

ಮಾತ್ರೆ ಅಂಗೈಯಲ್ಲಿ ಎಷ್ಟೋ ಹೊತ್ತು ಇರುತ್ತದೆ. ದೊಡ್ಡಗಂಗಮ್ಮ ಅದನ್ನೇ ನೋಡುತ್ತಾರೆ. ಬೆವರಿಗೆ ಅದು ಕರಗತೊಡಗುತ್ತದೆ. ಆಮೇಲೆ ಕೈಯನ್ನು ಸೀರೆಗೆ ಒರೆಸಿಕೊಂಡು ತಟ್ಟೆಯ ಕಡೆ ತಿರುಗುತ್ತಾರೆ. ಗಂಡು ಚಿಟ್ಟೆಗಳು ಇನ್ನೂ ಬಡಿಯುತ್ತಲೇ ಇವೆ.

ಆರನೆಯ ದಿನ ಅವರಿಗೆ ಕೂರಲಾಗುವುದಿಲ್ಲ. ಕಂಬ ಹಿಡಿದು ನಿಂತೇ ಕೆಲಸ ಮಾಡುತ್ತಾರೆ. ದಾಟಿಹೋಗುವ ವೆಂಕಟರಾಯಪ್ಪ, "ಏನ್ ಗಂಗಮ್ಮ, ಕಂಬಕ್ಕೆ ಕಾವಲಾ?" ಎನ್ನುತ್ತಾರೆ. ಅವತ್ತಿನ ಕೂಲಿಯಲ್ಲಿ ಅರ್ಧ ಹಿಡಿದುಕೊಳ್ಳುತ್ತಾರೆ.

ಏಳು ದಿನ ತುಂಬಿದ ಮೇಲೆ ಕೋಲಾರದ ಬಸ್ಸು. ಡಾಕ್ಟರು ವಾರಕ್ಕೊಮ್ಮೆ ಬಂದು ಕೂರುವ ಬಾಡಿಗೆ ಕೋಣೆಗೆ ಎಂಟೇ ಮೆಟ್ಟಿಲು. ದೊಡ್ಡಗಂಗಮ್ಮ ಹಜೀರಾರ ಭುಜ ಹಿಡಿದು, ನಡುವೆ ಎರಡು ಸಲ ನಿಂತು, ಹತ್ತುತ್ತಾರೆ. ಒಳಗೆ, ಡಾಕ್ಟರು ಹೇಳಿಕಳಿಸಿದ್ದಕ್ಕೆ, ಬೈರಕೂರಿನ ದೊಡ್ಡಮುನಿಯಮ್ಮ ಆಗಲೇ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಿಟಕಿ ಪಕ್ಕ ದೂರ ಕೂತಿದ್ದಾರೆ.

ಡಾಕ್ಟರು ತಾವು ಹಿಂದೆ ಮಾಡಿಸಿದ್ದ ಕಫ, ಎಕ್ಸ್‌ರೇ ವರದಿಗಳನ್ನು ಮೇಜಿನ ಮೇಲಿಟ್ಟುಕೊಂಡು, ಮೊದಲು ಎದೆ ನೋಡಿ, ಇವತ್ತು ಬೇಡ, ಇನ್ನೊಂದು ದಿನ ಮಾಡೋಣ ಎನ್ನುತ್ತಾರೆ.

"ಇನ್ನೊಂದ್ ಸಲ ಏಳ್ ದಿನ ನನ್ ಕೈಲಾಗಲ್ಲ ಸಾರ್. ಚುಚ್ಚಿ."

ಡಾಕ್ಟರು ಉಸಿರು ಕಟ್ಟಿದರೆ ಕೂಡಲೇ ಕೊಡಲೆಂದು ಇಂಜಕ್ಷನ್ ತುಂಬಿ ಪಕ್ಕಕ್ಕಿಟ್ಟುಕೊಂಡು, ಮೂರು ಹನಿ ಇಡುತ್ತಾರೆ, ಮೂರು ಚುಚ್ಚು. ಉಪ್ಪುನೀರಿನ ಚುಚ್ಚು ಹಾಗೇ ಇದೆ. ಏಳಲೇಬೇಕಾದದ್ದು ಏಳುತ್ತದೆ. ಧೂಳಿನ ಚುಚ್ಚು ಮೊದಲು ಕೆಂಪಗಾಗಿ, ಆಮೇಲೆ ಬೆಳ್ಳಗೆ ಉಬ್ಬಿ, ಅಂಚು ಹರಡಿ ಹರಡಿ, ಪಕ್ಕದ್ದನ್ನೂ ಮೀರಿ ಎಂಟಾಣೆ ನಾಣ್ಯದಷ್ಟು ಅಗಲವಾಗುತ್ತದೆ.

"ಟೀಬಿ ಅಲ್ಲಮ್ಮ. ಕಫದಲ್ಲೂ ಇಲ್ಲ, ಎಕ್ಸ್‌ರೇಲೂ ಇಲ್ಲ. ಚಿಟ್ಟೆ ಧೂಳೇ ಇದು. ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ," ಎನ್ನುತ್ತಾರೆ ಡಾಕ್ಟರು, ಕಿಟಕಿಯ ಕಡೆಗೂ ಕೇಳುವಂತೆ.

ದೊಡ್ಡಮುನಿಯಮ್ಮ ಎದ್ದು ಬಂದು ಬಗ್ಗಿ ದದ್ದನ್ನು ನೋಡುತ್ತಾರೆ. ಬಾಯಿಯ ಸೆರಗು ತಾನಾಗಿ ಜಾರುತ್ತದೆ. "ಭಾನುವಾರ ಬಾಮ್ಮ. ಹೊಸಿಲು ದಾಟಿ ಬಾ," ಎಂದು ಅವರ ಇನ್ನೊಂದು ಕೈ ಹಿಡಿದುಕೊಳ್ಳುತ್ತಾರೆ.

ಡಾಕ್ಟರ ಮಾತು ಮುಗಿದಿಲ್ಲ. ಉಸಿರಿನ ಬಲ ಅಳೆಯುವ ಒಂದು ಕೊಳವೆ ಕೊಟ್ಟು ಊದಿಸುತ್ತಾರೆ. ಮುಳ್ಳು ಕೆಳಗೇ ಅಲ್ಲಾಡಿ ನಿಲ್ಲುತ್ತದೆ. ಮತ್ತೆ ಊದಿಸುತ್ತಾರೆ. ಅಷ್ಟೇ. ಹದಿನೆಂಟು ವರ್ಷದ ಧೂಳು, ಹೋದ ಉಸಿರು ಪೂರ್ತಿ ವಾಪಸು ಬರುವುದಿಲ್ಲ, ಚಿಟ್ಟೆಮನೆ ಇವತ್ತೇ ಬಿಟ್ಟರೆ ಇದ್ದದ್ದು ಉಳಿಯಬಹುದು ಎಂದು ನಿಧಾನವಾಗಿ ಹೇಳುತ್ತಾರೆ.

"ಬಿಟ್ರೆ ನಮ್ಮನೇವ್ರ ಬಾಯಿಗೆ ಯಾರು ಹಾಕ್ತಾರೆ ಸಾರ್? ನಾಳೆ ಮೂರು ತಟ್ಟೆ ಐತೆ ನಂದು."

ಡಾಕ್ಟರು ಪಾಲಿಸಬೇಕಾದದ್ದನ್ನು ಹೇಳುತ್ತಾರೆ: ಭಾರ ಎತ್ತಬೇಡಿ, ಮೆಟ್ಟಿಲು ಹತ್ತಬೇಡಿ, ಮಗುವನ್ನು ಎತ್ತಿಕೊಂಡು ಓಡಾಡುವುದೂ ಕಷ್ಟ.

ದೊಡ್ಡಗಂಗಮ್ಮ ಮುಂಗೈಯ ದದ್ದನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಸವರುತ್ತಾರೆ. ಊದಿದ ಕಣ್ಣಿನ ಗೆರೆ ಸ್ವಲ್ಪ ಅಗಲವಾಗುತ್ತದೆ.

"ಓಡಾಡಲ್ಲ ಬಿಡಿ ಸಾರ್. ಕೂತ್ಕೊಂಡೇ ಎತ್ಕೋತೀನಿ."