ವಳ್ಳೂರಿಗೆ ಬಂದ ದ್ವಾರಪಾಲಕ

ತುಮಕೂರಿನಲ್ಲಿ ತಟ್ಟೆ ಇಡ್ಲಿ ತಿಂದು, ಕೊರಟಗೆರೆ ಮೇಲೆ ಹೋಗುವ ಮಧುಗಿರಿ ಬಸ್ಸು ಹತ್ತಿದಾಗ ಜನವರಿಯ ಬಿಸಿಲು ಇನ್ನೂ ಹಿತವಾಗಿತ್ತು. ಕಿಟಕಿಯ ಪಕ್ಕ ನಾರ್ಮನ್ ಟ್ಯಾಪ್ಲೋ, ಅವನ ಪಕ್ಕ ನಾನು, ನಮ್ಮಿಬ್ಬರ ತೊಡೆಯ ಮೇಲೆ ಯಾರದೋ ಒಂದು ಬಾಳೆಗೊನೆ. ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ನಮ್ಮ ಕಡೆಯ ಬಸ್ಸುಗಳಲ್ಲಿ ಗಂಡಸರಿಗೆ ಸೀಟು ಸಿಗುವುದೇ ಪುಣ್ಯ. ಸಿಕ್ಕಿದವನು ಬಾಳೆಗೊನೆಯನ್ನಾದರೂ ಹೊರಬೇಕು ಎಂಬುದು ನ್ಯಾಯವೇ. ನಾರ್ಮನ್ ಅದನ್ನು ಕೂಸಿನ ಹಾಗೆ ತಬ್ಬಿಕೊಂಡು ಹೊರಗೆ ನೋಡುತ್ತಿದ್ದ.

ಅವನು ಇಂಗ್ಲೆಂಡಿನ ಪೋಷಕ ನಟ. ನಾಟಕ, ಸಿನಿಮಾ, ಟೀವಿ ಎಲ್ಲ ಸೇರಿ ಐವತ್ತು ವರ್ಷ ದುಡಿದಿದ್ದಾನೆ. ನಾನು ಇಲ್ಲಿನ ಪೋಷಕ ನಟ. ಸೀರಿಯಲ್‌ಗಳಲ್ಲಿ ಮಾವನ ಪಾತ್ರ ನನಗೆ ಕಾಯಂ. ಎಷ್ಟೋ ವರ್ಷಗಳ ಹಿಂದೆ ಮೈಸೂರಿನಲ್ಲಿ ಒಂದು ವಿದೇಶಿ ಚಿತ್ರದ ಶೂಟಿಂಗ್ ನಡೆದಾಗ ಅವನು ರೈಲ್ವೆ ಗಾರ್ಡು, ನಾನು ಸ್ಟೇಷನ್ ಮಾಸ್ಟರು. ನಾಯಕನನ್ನು ಇಬ್ಬರೂ ಕೈಬೀಸಿ ಬೀಳ್ಕೊಟ್ಟೆವು. ಚಿತ್ರ ಬಂದಾಗ ನೋಡಿದರೆ ನಮ್ಮ ಎರಡು ಟೋಪಿಗಳಿದ್ದವು, ಮುಖಗಳಿರಲಿಲ್ಲ. ಆ ಟೋಪಿಗಳಿಂದ ಹುಟ್ಟಿದ ಗೆಳೆತನ ಇದು. ನನಗಿಂತ ಏಳೆಂಟು ವರ್ಷ ದೊಡ್ಡವನು, ಆದರೆ ನಮ್ಮ ನಡುವಿನ ಬಹುವಚನ ಎಂದೋ ಉದುರಿಹೋಗಿದೆ.

ಈ ಪ್ರಯಾಣಕ್ಕೆ ಕಾರಣ ನನ್ನ ಭಾವಮೈದ ಹನುಮಂತರಾಯ. ಅವನದು ಪಾವಗಡ ತಾಲ್ಲೂಕಿನ ವಳ್ಳೂರು. ಅಲ್ಲಿ ಊರವರೇ ಸೇರಿ ಆಡುವ ಪೌರಾಣಿಕ ನಾಟಕದಲ್ಲಿ ಈ ಸಲ ಅವನು ರಾಜ. “ಭಾವ, ನೀವು ಬರ್ಲಿಲ್ಲಾಂದ್ರೆ ನಾನು ಕಿರೀಟನೇ ಇಕ್ಕಳಾಕಿಲ್ಲ” ಎಂದು ಫೋನಿನಲ್ಲಿ ಹೆದರಿಸಿದ್ದ. ಅದೇ ವಾರ ನಾರ್ಮನ್ ಬೆಂಗಳೂರಿನ ನಮ್ಮ ಮನೆಗೆ ಬಂದಿಳಿದ. ಬಂದವನೇ, ನಟನೆ ಬಿಟ್ಟುಬಿಟ್ಟೆ ಎಂದ. ಯಾಕೆಂದು ಹೇಳಲಿಲ್ಲ. ಬಾಲ್ಕನಿಯಲ್ಲಿ ಕೂತು ಎದುರುಮನೆಯ ನೀರಿನ ಟ್ಯಾಂಕು ತುಂಬಿ ಸುರಿಯುವುದನ್ನೇ ನೋಡುತ್ತಿದ್ದ. ನೋಡಿ ನೋಡಿ ಸಾಕಾಗಿ ನಾನೇ ಅವನ ಚೀಲ ಕಟ್ಟಿದೆ.

ಕೊರಟಗೆರೆಯಲ್ಲಿ ಬಾಳೆಗೊನೆಯ ಒಡತಿ ಇಳಿಯಲು ಎದ್ದವಳು ನನ್ನ ಮುಖ ನೋಡಿ ಕೂಗಿಕೊಂಡಳು.

“ಅಯ್ಯೋ ಶಿವನೇ, ನೀವು ಹೋದ್ ತಿಂಗ್ಳು ಸತ್ತೋದ್ರಲ್ಲ!”

ಬಸ್ಸಿಗೆ ಬಸ್ಸೇ ತಿರುಗಿತು. ನಾನು ಕೈಮುಗಿದು, “ಹೌದು ತಾಯಿ, ಹಾರ್ಟ್ ಅಟ್ಯಾಕು” ಎಂದೆ.

“ಅನ್ಯಾಯ ಕಣಣ್ಣ. ಆ ಸೊಸೆ ಒಂದ್ ಲೋಟ ನೀರೂ ಕೊಡ್ನಿಲ್ಲ. ಅವತ್ತು ನಮ್ಮನೇಲಿ ಯಾರೂ ಸರಿಯಾಗಿ ಉಣ್ನಿಲ್ಲ” ಎಂದು ಗೊನೆಯಿಂದ ಒಂದು ಚಿಪ್ಪು ಮುರಿದು ನನ್ನ ಕೈಗಿಟ್ಟಳು.

“ಸತ್ತೋರ ಜೊತೆ ಮಾತಾಡಿದ್ದು ಸಾಕು, ಇಳೀರಮ್ಮ” ಎಂದು ಕಂಡಕ್ಟರ್ ಸೀಟಿ ಊದಿದ.

ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ನಾರ್ಮನ್ ಬಾಳೆಹಣ್ಣು ಸುಲಿಯುತ್ತಾ, “ನಾನು ಪರದೆಯ ಮೇಲೆ ಮೂರು ಸಲ ಸತ್ತಿದ್ದೇನೆ. ಒಬ್ಬರೂ ಊಟ ಬಿಡಲಿಲ್ಲ” ಎಂದು ನಕ್ಕ. ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಧುಗಿರಿಯಲ್ಲಿ ಇಳಿದರೆ ಊರಿನ ನೆತ್ತಿಯ ಮೇಲೇ ಬೆಟ್ಟ. ಬೆಟ್ಟವೆಂದರೆ ಬುಡದಿಂದ ತುದಿಯವರೆಗೂ ಒಂದೇ ಕಲ್ಲು. ಲಾಡ್ಜಿನಲ್ಲಿ ಚೀಲ ಇಟ್ಟು, ಮುದ್ದೆ ಬಸ್ಸಾರು ಉಂಡು, ಬಿಸಿಲು ಇಳಿಯುವುದನ್ನು ಕಾದು ಹತ್ತಿದೆವು. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂದು ಎಷ್ಟು ಹೇಳಿದರೂ ನಾರ್ಮನ್ ಅಗಿದೇ ತಿಂದಿದ್ದರಿಂದ ಊಟಕ್ಕೇ ಬಹಳ ಹೊತ್ತು ಹಿಡಿದಿತ್ತು. ತುದಿ ಮುಟ್ಟುವ ಹಟ ಇಬ್ಬರಿಗೂ ಇರಲಿಲ್ಲ. ಕೋಟೆಯ ಒಂದು ಬಾಗಿಲು ದಾಟಿ ನೆರಳಿನಲ್ಲಿ ಕೂತೆವು. ನಾರ್ಮನ್ ಬಾಗಿಲಿನ ಕಲ್ಲು ಚೌಕಟ್ಟನ್ನು ಸವರುತ್ತಾ, “ಇಲ್ಲೊಬ್ಬ ದಿನಾ ನಿಂತಿರುತ್ತಿದ್ದನಲ್ಲ, ಅವನ ಪಾತ್ರ ನನ್ನದು” ಎಂದ.

ಅಲ್ಲಿ ಅವನ ಬಾಯಿ ಬಿಚ್ಚಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಕುರ್ಚಿ ಹೊರಲು ಸೇರಿದ. ಬಟ್ಲರ್ ಪಾತ್ರದವನಿಗೆ ಒಂದು ದಿನ ಜ್ವರ ಬಂತು, ಅವನ ಕೋಟು ಇವನಿಗೆ ಸರಿಹೋಯಿತು. ಅಲ್ಲಿಂದಾಚೆಗೆ ಬಟ್ಲರ್, ಪೊಲೀಸ್ ಪೇದೆ, ಹೋಟೆಲ್ ಮಾಣಿ, ಕೋರ್ಟಿನ ಜವಾನ. ಸಿನಿಮಾಕ್ಕೆ ಹೋದರೂ ಟ್ಯಾಕ್ಸಿ ಡ್ರೈವರು, ಜೈಲಿನ ವಾರ್ಡರು. ಒಮ್ಮೆ ಪಾದ್ರಿಯಾಗಿ ಮದುವೆ ಮಾಡಿಸಿದ. ಜನ ಮದುಮಗಳನ್ನು ನೋಡಿದರು. “ನನ್ನ ಮುಖ ಕಂಡರೆ ನಿರ್ದೇಶಕರಿಗೆ ಬಾಗಿಲು ನೆನಪಾಗುತ್ತದೆ” ಎಂದ. ಆ ಮಾತಿನಲ್ಲಿ ಕಹಿ ಇರಲಿಲ್ಲ. ಬಾಗಿಲು ತೆಗೆಯುವುದರಲ್ಲೂ ಬಗೆಬಗೆ ಉಂಟೆಂದು ಎದ್ದು ನಿಂತು ತೋರಿಸಿಯೇ ಬಿಟ್ಟ. ಮನೆಯೊಡತಿಯ ಅಮ್ಮನಿಗೆ ತೆಗೆಯುವುದು ಒಂದು ಬಗೆ, ಮನೆಯೊಡೆಯನ ಗೆಳತಿಗೆ ತೆಗೆಯುವುದು ಇನ್ನೊಂದು. ಬೆಟ್ಟ ಹತ್ತುತ್ತಿದ್ದ ಕಾಲೇಜು ಹುಡುಗಿಯರು ನಿಂತು ಚಪ್ಪಾಳೆ ತಟ್ಟಿದರು.

ಹುಡುಗಿಯರು ಮೇಲೆ ಹೋದ ಮೇಲೆ ಅವನು ಮತ್ತೆ ನನ್ನ ಪಕ್ಕ ಕೂತ. ಉಳಿದದ್ದನ್ನು ಹೇಳಿದ. ಹೋದ ವರ್ಷ ಒಂದು ಸಣ್ಣ ಊರಿನ ಥಿಯೇಟರಿನಲ್ಲಿ ನಾಟಕ. ಇವನಿಗೆ ಇದ್ದದ್ದು ಒಂದೇ ಮಾತು: “ಗಾಡಿ ಬಂದಿದೆ, ಸ್ವಾಮಿ.” ಬಾಗಿಲು ತೆಗೆದ, ನಿಂತ, ಮಾತು ಬರಲಿಲ್ಲ. ಥಿಯೇಟರಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕಾದು ಕಾದು ನಾಯಕನೇ ಕಿಟಕಿಯತ್ತ ನೋಡಿ, “ಗಾಡಿ ಬಂದಿರಬೇಕು” ಎಂದು ತನಗೆ ತಾನೇ ಹೇಳಿಕೊಂಡು ಹೊರಟ. “ಯಾರೂ ಬಯ್ಯಲಿಲ್ಲ. ಎಲ್ಲರೂ ಭುಜ ತಟ್ಟಿದರು. ಅದನ್ನು ತಡೆಯಲಾಗಲಿಲ್ಲ” ಎಂದ ನಾರ್ಮನ್. ಮರುದಿನ ಕೋಟು ವಾಪಸು ಕೊಟ್ಟು ಮನೆಗೆ ಹೋದವನು ಮತ್ತೆ ರಂಗದ ಮೇಲೆ ಕಾಲಿಟ್ಟಿಲ್ಲ. ಇನ್ನು ಇಡುವುದೂ ಇಲ್ಲವಂತೆ. ನಮ್ಮ ಕಸುಬಿನವರಿಗೆಲ್ಲ ಇರುವ ಭಯ ಅದು, ನನಗೂ ಇದೆ.

ಮರುದಿನ ಬಡವನಹಳ್ಳಿಯ ಮೇಲೆ ಶಿರಾಕ್ಕೆ ಹೋದೆವು. ನಾಟಕದ ಸಾಮಾನು ತುಂಬಿದ ಟೆಂಪೊ ಅಲ್ಲಿಂದ ವಳ್ಳೂರಿಗೆ ಹೊರಡುವುದಿತ್ತು; ಜೊತೆಗೆ ನಾಟಕದ ಮೇಷ್ಟ್ರನ್ನು ಜೋಪಾನವಾಗಿ ಕರೆತರುವ ಕೆಲಸವನ್ನು ಹನುಮಂತರಾಯ ನನಗೆ ಒಪ್ಪಿಸಿದ್ದ. ಮೇಷ್ಟ್ರ ಹೆಸರು ಮಹಬೂಬ್ ಸಾಬ್. ಸುತ್ತಲಿನ ಹಳ್ಳಿಗಳ ರಾಜರು, ರಾಣಿಯರೆಲ್ಲ ಅವರ ಹಾರ್ಮೋನಿಯಂ ಎದುರು ಕೂತು ಮಾತು ಕಲಿತವರೇ. ಜಾಮಿಯಾ ಮಸೀದಿಯ ಹತ್ತಿರ ಸಾಮಾನಿನ ಪೆಟ್ಟಿಗೆಯೊಂದರ ಮೇಲೆ ಕೂತು ಬಿಸಿ ಕಡಲೆಕಾಯಿ ಬಿಡಿಸುತ್ತಿದ್ದರು. ನಾರ್ಮನ್‌ನನ್ನು ಕಂಡು ಅವರ ಕೈ ನಿಂತಿತು.

“ಯಾರು ಸಾಬ್ ಇವರು?”

“ನಟರು ಮೇಷ್ಟ್ರೇ. ಹೆಚ್ಚಾಗಿ ಬಾಗಿಲು ತೆಗೆಯೋ ಪಾತ್ರ.”

ಮೇಷ್ಟ್ರು ನಗಲಿಲ್ಲ. ಅಡಿಯಿಂದ ಮುಡಿಯವರೆಗೂ ಅಳೆದು ನೋಡಿ, “ಎತ್ತರ ಐತೆ, ನಡ ನೆಟ್ಟಗೈತೆ. ಬಹುತ್ ಅಚ್ಛಾ!” ಎಂದರು.

ಶಿರಾದಿಂದ ಪಾವಗಡಕ್ಕೆ ಹೋಗುವ ದಾರಿ ನಡುವೆ ಆಂಧ್ರಕ್ಕೆ ನುಗ್ಗಿ ಬರುತ್ತದೆ. ಬೋರ್ಡುಗಳು ತೆಲುಗಾದವು, ಮತ್ತೆ ಕನ್ನಡವಾದವು. ಹೊಲಗಳೂ ಬಂಡೆಗಳೂ ಮಾತ್ರ ಬದಲಾಗಲಿಲ್ಲ. ದಾರಿಯಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದೆವು. ಆ ಮಂಡಕ್ಕಿಯನ್ನು ಅಲ್ಲಿ ಉಗ್ಗಾನಿ ಅನ್ನುತ್ತಾರೆ. ನಾರ್ಮನ್ ಕಣ್ಣಲ್ಲಿ ನೀರು ಸುರಿಸುತ್ತಾ ಇನ್ನೊಂದು ಬಜ್ಜಿ ಕೇಳಿದ. ಟೆಂಪೊದಲ್ಲಿ ನಮ್ಮ ಕಾಲ ಬಳಿ ಗದೆಗಳು ಉರುಳಾಡುತ್ತಿದ್ದವು.

ನಮ್ಮ ಕಡೆಯ ಪದ್ಧತಿಯನ್ನು ಮೇಷ್ಟ್ರೇ ಅವನಿಗೆ ಬಿಡಿಸಿ ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. “ಇಲ್ಲಿ ಪಾತ್ರ ಮಾಡೋರೇ ಖರ್ಚು ಹಾಕ್ಬೇಕು ಸಾಬ್. ರಾಜಂಗೆ ಜಾಸ್ತಿ, ಮಂತ್ರಿಗೆ ಕಮ್ಮಿ. ಈ ಸಲ ರಾಜನ ಪಾರ್ಟು ನಂಗೇ ಬೇಕು ಅಂತ ಇಬ್ರು ಕುಂತ್ರು. ಯಾರ್‍ಗೂ ಬೇಜಾರ್ ಆಗ್ಬಾರ್ದಲ್ಲ? ಅದ್ಕೇ ಊಟಕ್ಕೆ ಮುಂಚೆ ಒಬ್ಬ ರಾಜ, ಊಟ ಆದ್ಮೇಲೆ ಇನ್ನೊಬ್ಬ.” ಮೊದಲ ರಾಜ ನನ್ನ ಭಾವಮೈದ. ಅದಕ್ಕೆ ಒಂದು ತಿಂಗಳ ಸಂಬಳವನ್ನೇ ಸುರಿದಿದ್ದಾನೆ ಎಂದು ನಾನು ಸೇರಿಸಿದೆ. ನಾರ್ಮನ್‌ಗೆ ನಂಬಿಕೆಯೇ ಬರಲಿಲ್ಲ. “ಇಷ್ಟಪಟ್ಟು ದುಡ್ಡು ಕೊಟ್ಟು ಬಣ್ಣ ಹಚ್ಚುತ್ತಾರೆಯೇ?” ಎಂದು ಮತ್ತೆ ಮತ್ತೆ ಕೇಳಿದ.

ಪಾವಗಡದಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ವಳ್ಳೂರು ಸೇರಿದೆವು. ಕಣ್ಣು ಹಾಯಿಸಿದಷ್ಟು ದೂರವೂ ಸೋಲಾರ್ ಪ್ಯಾನೆಲ್ಲು. ದೂರದಿಂದ ತುಂಬಿದ ಕೆರೆಯ ಹಾಗೆ ಕಾಣುತ್ತದೆ. ಊರಿನ ಗಂಡಸರಲ್ಲಿ ಬಹಳ ಮಂದಿ ಈಗ ಆ ಪ್ಯಾನೆಲ್ಲುಗಳ ಗೇಟು ಕಾಯುತ್ತಾರೆ. ರಾತ್ರಿ ಪಾಳಿ ಇರುವುದರಿಂದ ನಾಟಕವನ್ನು ಹಗಲಿಗೆ ತಂದುಕೊಂಡಿದ್ದಾರೆ. ಚಪ್ಪರದ ತುಂಬ ಜನ. ಹಿಂದೆ, ಶಾಲೆಯ ಕೋಣೆಯಲ್ಲಿ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ಹನುಮಂತರಾಯ ಅರ್ಧ ಮೀಸೆಯಲ್ಲೇ ಎದ್ದು ಬಂದು ನನ್ನ ಕಾಲಿಗೆ ಬಿದ್ದ. “ಭಾವ, ಬಂದ್ಬುಟ್ರಾ!”

ಅಷ್ಟರಲ್ಲಿ ಮೇಷ್ಟ್ರ ದನಿ ಏರಿತು. “ದ್ವಾರಪಾಲಕ ಯಾರ್ಲಾ?”

ಬಣ್ಣ ಹಚ್ಚಿಕೊಳ್ಳುತ್ತಿದ್ದವರೆಲ್ಲ ಕನ್ನಡಿಯೊಳಕ್ಕೆ ಮುಖ ತೂರಿಸಿದರು. ಆಗಿದ್ದು ಇಷ್ಟು: ಮಂತ್ರಿಯ ಗಂಟಲು ಕಟ್ಟಿಹೋಗಿತ್ತು. ದ್ವಾರಪಾಲಕನಾಗಬೇಕಿದ್ದ ಚಿತ್ತಯ್ಯ ಬೆಳಿಗ್ಗೆಯೇ ಮಂತ್ರಿಯ ಪೇಟ ಸುತ್ತಿಕೊಂಡು ಕೂತಿದ್ದ, ಬಿಚ್ಚಲು ಒಪ್ಪಲಿಲ್ಲ. “ರಾತ್ರಿಯೆಲ್ಲ ಗೇಟ್ ಕಾಯ್ತೀನಿ ಮೇಷ್ಟ್ರೇ. ಬಣ್ಣ ಹಚ್ಕಂಡೂ ಗೇಟೇ ಕಾಯ್ಬೇಕಾ?” ಎಂದ. ಉಳಿದವರದೂ ಅದೇ ಮಾತು. ಊರಿಗೆ ಊರೇ ಗೇಟು ಕಾಯುವವರಿಂದ ತುಂಬಿರುವಾಗ ದ್ವಾರಪಾಲಕನಾಗಲು ಒಬ್ಬನೂ ಇರಲಿಲ್ಲ.

ಮೇಷ್ಟ್ರು ಹಾರ್ಮೋನಿಯಂ ಮುಚ್ಚಿಬಿಟ್ಟರು. “ದ್ವಾರಪಾಲಕ ಕೂಗ್ದೆ ರಾಜ ಬಂದ್ರೆ ಅದು ದರ್ಬಾರಲ್ಲ, ಬಸ್ ಸ್ಟ್ಯಾಂಡು. ನಾನು ಪೆಟ್ಟಿಗೆ ಮುಟ್ಟಾಕಿಲ್ಲ!”

ಹನುಮಂತರಾಯನ ಮುಖ ಬಣ್ಣದ ಕೆಳಗೇ ಇಳಿದುಹೋಯಿತು. ಬೀಗರು, ನೆಂಟರು, ಹೆಂಡತಿಯ ತವರಿನವರೆಲ್ಲ ಮುಂದೆ ಚಾಪೆ ಹಾಸಿ ಕೂತಿದ್ದರು. ಆಗ ಮೇಷ್ಟ್ರು ನಾರ್ಮನ್‌ನತ್ತ ನೋಡಿದರು. ಎಲ್ಲರೂ ನೋಡಿದರು. ವಿಷಯ ಹೇಳಿದ ಕೂಡಲೇ ಅವನು ಗೋಡೆಗೆ ಒರಗಿಕೊಂಡ. “ಬೇಡ. ಒಂದು ಮಾತನ್ನೂ ನಾನು ಹಿಡಿದಿಟ್ಟುಕೊಳ್ಳಲಾರೆ. ದಯವಿಟ್ಟು ಬೇಡ” ಎಂದ. ಯಾಕೆಂದು ಹನುಮಂತರಾಯನಿಗೆ ನಾನು ಹೇಳಬೇಕಾಯಿತು.

ಅವನು ಬಂದು ನಾರ್ಮನ್ ಎದುರು ನೆಲದ ಮೇಲೇ ಕೂತ, ತೊಡೆಯ ಮೇಲೆ ಕಿರೀಟ.

“ಮರ್‍ತೋದ್ರೆ ಹೋಗ್ಲಿ ಬುಡಿ ಸಾಮಿ. ನಮ್ಮಾಗೆ ಯಾರ್‍ಗ್ ನೆಪ್ಪಿರ್ತೈತೆ? ಮೇಷ್ಟ್ರು ಮುಂದ್ಗಡೆನೇ ಕುಂತಿರ್ತಾರೆ, ಜೋರಾಗ್ ಹೇಳ್ಕೊಡ್ತಾರೆ. ಮೇಷ್ಟ್ರು ಮರ್‍ತ್ರೆ ಜನ ಹೇಳ್ತಾರೆ. ಅದ್ರಾಗೆ ನಾಚ್ಕೆ ಏನೈತೆ?”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ನಾರ್ಮನ್ ನನ್ನ ತೋಳು ಹಿಡಿದುಕೊಂಡ. “ಜನ ಹೇಳುತ್ತಾರೆಯೇ? ಗಟ್ಟಿಯಾಗಿ?” ನಾನು ಅದನ್ನೇ ಕನ್ನಡದಲ್ಲಿ ಕೇಳಿದೆ.

“ಇನ್ನೇನ್ ಮತ್ತೆ! ನೋಡಾಕ್ ಬಂದೋರು ಬಾಯ್ ಮುಚ್ಕಂಡ್ ಕುಂತ್ರೆ ಅದೆಂಥ ನಾಟ್ಕ?” ಎಂದ ಹನುಮಂತರಾಯ.

ನಾರ್ಮನ್ ಆ ಕಿರೀಟವನ್ನೇ ನೋಡಿದ. ಆಮೇಲೆ ಎರಡೂ ತೋಳುಗಳನ್ನು ಹಿಂದಕ್ಕೆ ಚಾಚಿದ. ಕೋಟು ತೊಡಿಸುವವರಿಗೆ ನಟರು ಹಾಗೆಯೇ ಚಾಚುವುದು.

ದ್ವಾರಪಾಲಕನ ಮಾತು ಒಂದೇ: “ಸೂರ್ಯವಂಶದ ದೊರೆಗಳು ದಯಮಾಡಿಸುತ್ತಿದ್ದಾರೆ, ಬಹುಪರಾಕ್!” ಪ್ಯಾನೆಲ್ಲುಗಳ ಬೇಲಿಯುದ್ದಕ್ಕೂ ಅವನನ್ನು ಅಡ್ಡಾಡಿಸಿ ಬಾಯಿಪಾಠ ಮಾಡಿಸಿದೆ. ಪರದೆ ಎದ್ದಾಗ ಈಟಿ ಹಿಡಿದು ನಡೆದು ಬಂದ. ಆ ನಡಿಗೆಗೇ ಜನ ಮಾತು ನಿಲ್ಲಿಸಿದರು. ಐವತ್ತು ವರ್ಷ ಬೇರೆಯವರಿಗಾಗಿ ಬಾಗಿಲು ತೆಗೆದ ಕಾಲುಗಳವು. ನಡುರಂಗಕ್ಕೆ ಬಂದು ನಿಂತ, ಬಾಯಿ ತೆರೆದ.

ಮಾತು ಬರಲಿಲ್ಲ.

ನಾನು ಪರದೆಯ ಪಕ್ಕದಲ್ಲಿ ಕಂಬ ಹಿಡಿದುಕೊಂಡೆ. ಆದರೆ ಇದು ವಳ್ಳೂರು. ಮೇಷ್ಟ್ರು ಹಾರ್ಮೋನಿಯಂ ಬಿಡದೆಯೇ “ಸೂರ್ಯವಂಶದ” ಎಂದರು. ಚಾಪೆಯ ಮೇಲಿನ ಹೆಂಗಸರು “ದೊರೆಗಳು, ದೊರೆಗಳು” ಎಂದರು. ಹಿಂದಿನ ಸಾಲಿನಿಂದ ಒಂದು ಅಜ್ಜಿ, “ಚೆಪ್ಪು ದೊರಾ, ಭಯಮೆಂದುಕು! ಹೇಳಪ್ಪಾ, ಯಾಕ್ ಭಯ!” ಎಂದು ತೆಲುಗು, ಕನ್ನಡ ಎರಡರಲ್ಲೂ ಕೂಗಿತು. ಚಪ್ಪರಕ್ಕೆ ಚಪ್ಪರವೇ ಆ ಮಾತನ್ನು ಹೇಳತೊಡಗಿತು. ನಾರ್ಮನ್ ಜನರನ್ನು ನೋಡಿದ, ಅವನ ಮುಖ ಅರಳಿತು. ಜನರ ದನಿಯೊಳಗೆ ತನ್ನ ದನಿ ಸೇರಿಸಿ, ಕೊನೆಯ ಬಹುಪರಾಕನ್ನು ಎಲ್ಲರಿಗಿಂತ ಮೇಲೆ ಎತ್ತಿ ಕೂಗಿದ.

“ಒನ್ಸ್ ಮೋರ್!” ಎಂದರು ಜನ. ಅಷ್ಟು ಹೊತ್ತಿಗೆ ರಂಗದ ಮೇಲೆ ಬಂದಿದ್ದ ರಾಜ ಮತ್ತೆ ಒಳಗೆ ಹೋಗಬೇಕಾಯಿತು. ಮತ್ತೊಮ್ಮೆ ಕೂಗು, ಮತ್ತೊಮ್ಮೆ ರಾಜ, ಮತ್ತೆ “ಒನ್ಸ್ ಮೋರ್!” ರಾಜನಿಗೆಂದು ತಂದಿದ್ದ ಮೊದಲ ಹಾರವನ್ನು ಬೀಗರು ದ್ವಾರಪಾಲಕನ ಕೊರಳಿಗೆ ಹಾಕಿದರು. ಹನುಮಂತರಾಯ ಸಿಟ್ಟಾಗಲಿಲ್ಲ, ಚಪ್ಪಾಳೆ ತಟ್ಟಿದ. ಮುಂದಿನ ಸಾಲಿನಲ್ಲಿ ಚಿತ್ತಯ್ಯನ ಹೆಂಡತಿ ಮಾತ್ರ, “ಅಯ್ಯೋ, ಅದು ನಮ್ಮೋರ್ ಪಾರ್ಟು ಕಣಮ್ಮ” ಎಂದು ಪಕ್ಕದವಳ ಹತ್ತಿರ ಹಲುಬಿದಳಂತೆ.

ಎರಡನೆಯ ರಾಜ ಸಿಂಹಾಸನ ಏರಿ ಇಳಿದು ನಾಟಕ ಮುಗಿದಾಗ ಸಂಜೆ. ಬಸ್ಸು ಹಿಡಿಯಲು ಆಟೊದಲ್ಲಿ ಪಾವಗಡಕ್ಕೆ ಹೊರಟೆವು. ಹನುಮಂತರಾಯನೂ ಜೊತೆಗೆ ಹತ್ತಿದ, ಅವನಿಗೆ ಪಾಳಿ ಶುರುವಾಗುವ ಹೊತ್ತು. ಖಾಕಿ ಅಂಗಿ, ಸೊಂಟದಲ್ಲಿ ಟಾರ್ಚು, ಕಿವಿಯ ಹಿಂದೆ ಇನ್ನೂ ಅಳಿಯದ ಕೆಂಪು ಬಣ್ಣ. ಸೋಲಾರ್ ಗೇಟಿನ ಮುಂದೆ ಆಟೊ ನಿಂತಿತು. ಅವನು ಇಳಿದು ನಮಗೆ ಕೈಮುಗಿದು, ಗೇಟಿನ ಚಿಲಕಕ್ಕೆ ಕೈ ಹಾಕಿದ.

“ಒಂದು ನಿಮಿಷ” ಎಂದು ನಾರ್ಮನ್ ಇಳಿದ. ಕೊರಳಲ್ಲಿ ಬಾಡಿದ ಹಾರ ಹಾಗೇ ಇತ್ತು. ನನ್ನ ಭಾವಮೈದನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಾನೇ ಚಿಲಕ ತೆಗೆದು, ಆ ದೊಡ್ಡ ಗೇಟನ್ನು ಒಂದು ಚೂರೂ ಸದ್ದಾಗದಂತೆ ಪೂರ್ತಿ ತೆರೆದ. ಬದಿಗೆ ಸರಿದು ನೆಟ್ಟಗೆ ನಿಂತ. ಮೇಷ್ಟ್ರು ಇರಲಿಲ್ಲ, ಜನ ಇರಲಿಲ್ಲ. ನಾನು ಹೇಳಿಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವನು ಶುರುಮಾಡಿಬಿಟ್ಟಿದ್ದ.

“ಸೂರ್ಯವಂಶದ ದೊರೆಗಳು ದಯಮಾಡಿಸುತ್ತಿದ್ದಾರೆ, ಬಹುಪರಾಕ್!”

ಹನುಮಂತರಾಯ ಟಾರ್ಚನ್ನು ಕಂಕುಳಿಗೆ ಸಿಕ್ಕಿಸಿಕೊಂಡ, ಎದೆ ಉಬ್ಬಿಸಿದ, ಒಂದೊಂದೇ ಹೆಜ್ಜೆ ಇಡುತ್ತಾ ತನ್ನ ಗೇಟಿನೊಳಗೆ ನಡೆದುಹೋದ.